ಬೂಟ್ ರಿಪೇರ್: ದೊಡ್ಡ ಬಟನ್‌ಗಿಂತ ಅದರ ರಿಪೋರ್ಟೇ ನನಗೆ ಜಾಸ್ತಿ ಇಷ್ಟ

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಉಬುಂಟು ಅನ್ನುವ ಲಿನಕ್ಸೂ ಇದೆ. ಒಂದು ಭಾನುವಾರ ವಿಂಡೋಸ್ ಒಳಗೆ ಕೂತು, ಖಾಲಿ ಬಿದ್ದಿದ್ದ ಒಂದು ಡ್ರೈವನ್ನು ಅಳಿಸಿದೆ. ಸುಮ್ನೆ ಜಾಗ ದಂಡ ಅನ್ನಿಸಿತ್ತು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ 'ನೋ ಸಚ್ ಪಾರ್ಟಿಶನ್' ಅಂತ ಒಂದು ಎರರ್, ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಅಂತ ಬರೆದುಕೊಂಡು ಕರ್ಸರ್ ಮಿನುಗುತ್ತಾ ಕಾಯುತ್ತಿತ್ತು. ಉಬುಂಟು ಬರಲಿಲ್ಲ. ವಿಂಡೋಸ್ ಕೂಡ ಬರಲಿಲ್ಲ. ನಾಲ್ಕು ವರ್ಷದ ಫೋಟೋ ಎಲ್ಲಾ ಅದರಲ್ಲೇ ಇದ್ದವು, ಕೈಕಾಲು ತಣ್ಣಗಾಯಿತು.

ಹೀಗೆ ಬೂಟ್ ಆಗದೆ ನಿಂತ ಯಂತ್ರವನ್ನು ಸರಿಮಾಡುವ ಬೂಟ್ ರಿಪೇರ್ ಅನ್ನುವ ಸಾಫ್ಟ್‌ವೇರ್ ನನಗೆ ಸಿಕ್ಕಿದ್ದು ಆ ದಿನ. ಆಮೇಲೆ ಅಕ್ಕನ ಲ್ಯಾಪ್‌ಟಾಪ್‌ಗೂ ಅದನ್ನೇ ಬಳಸಿದೆ, ಅದು ಪೂರ್ತಿ ಬೇರೆಯದೇ ತೊಂದರೆ. ಎರಡೂ ಸಲ ಯಂತ್ರ ಎದ್ದು ಕೂತಿತು. ಆದರೂ ಕಣ್ಣು ಮುಚ್ಚಿ ಬಟನ್ ಒತ್ತಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ನನ್ನ ಲ್ಯಾಪ್‌ಟಾಪ್‌ಗೆ ಏನಾಗಿತ್ತು ಅನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಅದು ಹಳೇ ಎಂಬಿಆರ್ ಪದ್ಧತಿಯ ಡಿಸ್ಕ್. ಎಂಬಿಆರ್ ಅಂದರೆ ಡಿಸ್ಕಿನ ಮೊಟ್ಟಮೊದಲ 512 ಬೈಟ್. ಅದರಲ್ಲಿ ಬೂಟ್ ಕೋಡ್‌ಗೆ ಸಿಗುವುದು 446 ಬೈಟ್ ಮಾತ್ರ. ಯಂತ್ರ ಆನ್ ಆದಾಗ ಯಾವ ಸಿಸ್ಟಮ್ ಬೇಕು ಅಂತ ಕೇಳಿ ಅದನ್ನು ಎಬ್ಬಿಸುವ ಗ್ರಬ್ ಅನ್ನುವ ಪ್ರೋಗ್ರಾಂ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅದರ ತಲೆ ಅಲ್ಲಿರುತ್ತದೆ, ಎದೆ ಅದರ ಪಕ್ಕದ ಖಾಲಿ ಜಾಗದಲ್ಲಿರುತ್ತದೆ, ಉಳಿದ ಮೈಯೆಲ್ಲಾ ಉಬುಂಟುವಿನ ಪಾರ್ಟಿಶನ್ (ಡಿಸ್ಕಿನಲ್ಲಿ ಅದಕ್ಕೆಂದು ಬಿಟ್ಟ ಭಾಗ) ಒಳಗೆ. 'ಉಳಿದ ನಾನು 6ನೇ ಪಾರ್ಟಿಶನ್‌ನಲ್ಲಿ ಇದ್ದೇನೆ' ಅಂತ ಅದು ಒಂದು ನಂಬರ್ ನೆನಪಿಟ್ಟುಕೊಂಡಿರುತ್ತದೆ. ಇಂಥ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಪಾರ್ಟಿಶನ್ ಬೇಕು ಅಂದರೆ ಲಾಜಿಕಲ್ ಪಾರ್ಟಿಶನ್ ಮಾಡಬೇಕು, ಅವುಗಳ ಎಣಿಕೆ 5ರಿಂದ ಶುರು. ನಾನು ಅಳಿಸಿದ್ದು 5ನೆಯದನ್ನು. 6 ಇದ್ದದ್ದು ಜರುಗಿ 5 ಆಯಿತು. ಗ್ರಬ್ ಪಾಪ 6ನ್ನೇ ಹುಡುಕುತ್ತಿತ್ತು.

ಅಂದರೆ ಫೋಟೋ, ಫೈಲ್, ಎರಡೂ ಸಿಸ್ಟಮ್, ಎಲ್ಲಾ ಇದ್ದ ಜಾಗದಲ್ಲೇ ಇದ್ದವು. ಒಂದು ನಂಬರ್ ತಪ್ಪಿತ್ತು, ಅಷ್ಟೇ. ಆ ಕಪ್ಪು ಪರದೆ ನೋಡಿ ಗಾಬರಿಯಲ್ಲಿ ಎಲ್ಲಾ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಳ್ಳುವವರು ಎಷ್ಟೋ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೂಟ್ ರಿಪೇರ್ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಬೂಟ್ ರಿಪೇರ್ ಡಿಸ್ಕ್ ಅಂತ ಸಿದ್ಧವಾದ ಐಎಸ್‌ಒ ಫೈಲ್. ಪೆನ್‌ಡ್ರೈವ್‌ಗೆ ಬರೆದು ಅದರಿಂದ ಬೂಟ್ ಮಾಡಿದರೆ ಸಾಫ್ಟ್‌ವೇರ್ ತಾನೇ ತೆರೆದುಕೊಳ್ಳುತ್ತದೆ. ಇನ್ನೊಂದು, ಉಬುಂಟುವಿನ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಉಬುಂಟು ನಡೆಯುತ್ತದೆ) ಹಾಕಿ, 'ಟ್ರೈ ಉಬುಂಟು' ಆರಿಸಿ, ವೈಫೈ ಜೋಡಿಸಿ, ಟರ್ಮಿನಲ್‌ನಲ್ಲಿ ಮೂರು ಕಮಾಂಡ್ ಕೊಟ್ಟು ಇನ್‌ಸ್ಟಾಲ್ ಮಾಡುವುದು: ಅವರ ಪಿಪಿಎ (ಉಬುಂಟುವಿಗೆ ಸಾಫ್ಟ್‌ವೇರ್ ಇಳಿಸಿಕೊಳ್ಳುವ ತಾಣ) ಸೇರಿಸುವುದು, ಪಟ್ಟಿ ಹೊಸದು ಮಾಡುವುದು, ಬೂಟ್ ರಿಪೇರ್ ಹಾಕುವುದು. ನನಗೆ ಎರಡನೆಯದೇ ವಾಸಿ ಅನ್ನಿಸುತ್ತದೆ. ಉಬುಂಟು ಪೆನ್‌ಡ್ರೈವ್ ಹೇಗೂ ಮನೆಯಲ್ಲಿ ಇರುತ್ತದೆ, ಸಾಫ್ಟ್‌ವೇರ್ ಕೂಡ ಆಯಾ ದಿನದ ಹೊಸ ಆವೃತ್ತಿಯೇ ಸಿಗುತ್ತದೆ. ಒಂದು ತೊಡಕು ಅಂದರೆ, ಯಂತ್ರ ಆಫ್ ಮಾಡಿದರೆ ಲೈವ್‌ನಲ್ಲಿ ಹಾಕಿದ್ದೆಲ್ಲಾ ಹೋಗುತ್ತದೆ, ಮುಂದಿನ ಸಲ ಮತ್ತೆ ಹಾಕಬೇಕು. ಮತ್ತೆ ಇಂಟರ್ನೆಟ್ ಇರಲೇಬೇಕು. ಇನ್‌ಸ್ಟಾಲ್ ಮಾಡುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವಾಗಲೂ ಅದು ಗ್ರಬ್ ಪ್ಯಾಕೇಜನ್ನು ಇಳಿಸಿಕೊಳ್ಳುತ್ತದೆ. ಲೈವ್‌ನಲ್ಲಿ ವೈಫೈ ಹಿಡಿಯದ ಯಂತ್ರ ಇದ್ದರೆ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಅದರ ಇಂಟರ್ನೆಟ್ ಕೊಡಿ, ನನಗೆ ಹಾಗೇ ಆಗಿದ್ದು.

ತೆರೆದ ತಕ್ಷಣ ಅದು ಡಿಸ್ಕನ್ನೆಲ್ಲಾ ಜಾಲಾಡುತ್ತದೆ. ಕೆಲವು ನಿಮಿಷ ಬೇಕು, ಆಗ ಏನೂ ಮುಟ್ಟಬೇಡಿ. ಆಮೇಲೆ ಬರುವ ಕಿಟಕಿಯಲ್ಲಿ ಎರಡು ದೊಡ್ಡ ಬಟನ್. ಮೇಲಿನದು 'ರೆಕಮೆಂಡೆಡ್ ರಿಪೇರ್', ಅದರ ಕೆಳಗೆ ಬೂಟ್‌ಇನ್ಫೋ ಅನ್ನುವ ರಿಪೋರ್ಟ್ ಮಾಡಿಕೊಡುವ ಬಟನ್. ಅದಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಅಡ್ವಾನ್ಸ್‌ಡ್ ಆಪ್ಶನ್ಸ್'.

ಆ ದಿನ ನಾನು ಹಿಂದೆ ಮುಂದೆ ನೋಡದೆ ಮೇಲಿನದನ್ನೇ ಒತ್ತಿದೆ. ನಡುವೆ ಒಂದೆರಡು ಕಮಾಂಡ್ ತೋರಿಸಿ, ಇದನ್ನು ಟರ್ಮಿನಲ್‌ಗೆ ಕಾಪಿ ಮಾಡಿ ಹಾಕಿ ಅಂದಿತು. ಟರ್ಮಿನಲ್‌ನಲ್ಲಿ 'ಗ್ರಬ್ ತೆಗೆಯಲೇ' ಅಂತ ಕೇಳಿದಾಗ ಬೆರಳು ನಿಂತುಬಿಟ್ಟಿತು. ಹಳೇದನ್ನು ತೆಗೆದು ಹೊಸದು ಹಾಕುವುದಕ್ಕೆ ಹಾಗೆ ಕೇಳುತ್ತದೆ, ಅಲ್ಲಿ ಹೌದು ಅನ್ನಬೇಕು. ಆದರೆ ಮೊದಲ ಸಲ ನೋಡುವವನಿಗೆ ಅದು ಹೇಗೆ ಗೊತ್ತಾಗಬೇಕು? ಇಷ್ಟು ಒಳ್ಳೆಯ ಸಾಫ್ಟ್‌ವೇರ್‌ನಲ್ಲಿ ಈ ಒಂದು ಜಾಗದಲ್ಲಿ ಬಳಸುವವರ ಕೈ ಬಿಟ್ಟಂತೆ ಆಗುತ್ತದೆ. ಎರಡು ಸಾಲಿನ ವಿವರಣೆ ಅಲ್ಲೇ ಕೊಟ್ಟಿದ್ದರೆ ಸಾಕಿತ್ತು.

ಆಮೇಲೆ 'ಬೂಟ್ ಸರಿಯಾಗಿದೆ' ಅನ್ನುವ ಸಂದೇಶ ಬಂತು. ರೀಸ್ಟಾರ್ಟ್ ಮಾಡಿದೆ. ಗ್ರಬ್ ಮೆನು ಬಂತು, ಅದರಲ್ಲಿ ಉಬುಂಟು ಇತ್ತು, ಕೆಳಗೆ ವಿಂಡೋಸ್ ಇತ್ತು. ಆ ಹೊತ್ತಿನ ಸಮಾಧಾನ ಹೇಳತೀರದು.

ಈಗ ಅಕ್ಕನ ಲ್ಯಾಪ್‌ಟಾಪ್ ವಿಷಯ. ಅವಳಿಗೆ ಆಫೀಸ್ ಕೆಲಸಕ್ಕೆ ವಿಂಡೋಸ್ ಬೇಕು, ಕೋಡಿಂಗ್‌ಗೆ ಉಬುಂಟು ಬೇಕು. ಒಂದು ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನುವೇ ಬರದೆ ನೇರವಾಗಿ ವಿಂಡೋಸ್‌ಗೆ ಹೋಗತೊಡಗಿತು.

'ನನ್ನ ಉಬುಂಟು ಅಳಿಸಿ ಹೋಯ್ತೇನೋ? ಪ್ರಾಜೆಕ್ಟ್ ಎಲ್ಲಾ ಅದರಲ್ಲೇ ಇದೆ ಕಣೋ' ಅಂತ ಫೋನ್ ಮಾಡಿದಳು.

'ಇಲ್ಲ ಅಕ್ಕ, ಇರತ್ತೆ. ಏನೂ ಮುಟ್ಟಬೇಡ, ನಾನು ಬರ್ತೀನಿ' ಅಂದೆ.

ಈ ಸಲ ಮೊದಲು ರಿಪೋರ್ಟ್. ಅದಕ್ಕೂ ಮುಂಚೆ ಒಂದು ಎಡವಟ್ಟು ಆಯಿತು, ಅದನ್ನು ಹೇಳಲೇಬೇಕು. ಹೊಸ ಯಂತ್ರಗಳಲ್ಲಿ ಬೂಟ್ ಆಗಲು ಎರಡು ದಾರಿ ಇರಬಹುದು, ಹಳೇ ಲೆಗಸಿ ದಾರಿ ಮತ್ತು ಹೊಸ ಯುಇಎಫ್‌ಐ ದಾರಿ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ, ಒಂದರ ಹಿಂದೆ ಯುಇಎಫ್‌ಐ ಅಂತ ಬರೆದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ನಾನು ಇಲ್ಲದ್ದನ್ನು ಆರಿಸಿಬಿಟ್ಟಿದ್ದೆ. ಬೂಟ್ ರಿಪೇರ್ ತಕ್ಷಣ ಹಿಡಿಯಿತು. 'ನೀವು ಈಗ ಲೆಗಸಿ ಮೋಡ್‌ನಲ್ಲಿದ್ದೀರಿ, ರೀಸ್ಟಾರ್ಟ್ ಮಾಡಿ ಇಎಫ್‌ಐ (ಅಂದರೆ ಯುಇಎಫ್‌ಐ) ಮೋಡ್‌ನಲ್ಲಿ ಬನ್ನಿ' ಅನ್ನುವ ಅರ್ಥದ ಎಚ್ಚರಿಕೆ ಕೊಟ್ಟಿತು. ಇದು ಚಿಕ್ಕ ವಿಷಯ ಅಲ್ಲ. ತಪ್ಪು ಮೋಡ್‌ನಲ್ಲಿ ಕೈಯಿಂದ ಗ್ರಬ್ ಹಾಕಲು ಹೋಗಿ, ಯುಇಎಫ್‌ಐ ಯಂತ್ರಕ್ಕೆ ಲೆಗಸಿ ಗ್ರಬ್ ಹಾಕಿ, ಇರುವ ಗೋಜಲನ್ನು ಎರಡರಷ್ಟು ಮಾಡಿಕೊಳ್ಳುವುದು ತುಂಬಾ ಸುಲಭ. ಒಂದೇ ಯಂತ್ರದಲ್ಲಿ ಎರಡು ಸಿಸ್ಟಮ್ ಇಡುವ, ಅಂದರೆ ಡ್ಯುಯಲ್ ಬೂಟ್ ಮಾಡುವವರ ಗೋಳಿನಲ್ಲಿ ದೊಡ್ಡ ಪಾಲು ಇದರದ್ದೇ.

ರಿಪೋರ್ಟ್ ಬಂತು. ನೋಡಲು ಉದ್ದ, ಸಾಲು ಸಾಲು ಅಕ್ಷರ. ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಯಾವ ಡಿಸ್ಕಿನಲ್ಲಿ ಏನಿದೆ, ಯಾವ ಪಾರ್ಟಿಶನ್‌ನಲ್ಲಿ ಯಾವ ಸಿಸ್ಟಮ್ ಇದೆ, ಬೂಟ್ ಫೈಲ್‌ಗಳು ಎಲ್ಲಿವೆ, ಎಲ್ಲಾ ಒಂದೇ ಕಡೆ. ಅಕ್ಕನ ಡಿಸ್ಕಿನಲ್ಲಿ ಬೂಟ್ ಫೈಲ್‌ಗಳಿಗೆಂದೇ ಇರುವ ಇಎಫ್‌ಐ ಪಾರ್ಟಿಶನ್‌ನಲ್ಲಿ ಉಬುಂಟು ಫೋಲ್ಡರ್ ಇತ್ತು, ಒಳಗೆ ಶಿಮ್ (ಗ್ರಬ್ಬನ್ನು ಶುರು ಮಾಡುವ ಪುಟ್ಟ ಫೈಲ್) ಮತ್ತು ಗ್ರಬ್ ಎರಡು ಫೈಲ್‌ಗಳೂ ಇದ್ದವು. ಮೈಕ್ರೋಸಾಫ್ಟ್ ಫೋಲ್ಡರ್ ಕೂಡ ಅದರ ಪಾಡಿಗೆ ಅದು ಇತ್ತು. ಇನ್ನೂ ಕೆಳಗೆ ಫರ್ಮ್‌ವೇರ್ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವ ಬೂಟ್ ಪಟ್ಟಿ. ಅದರಲ್ಲಿ ವಿಂಡೋಸ್ ಇತ್ತು, ನನ್ನ ಪೆನ್‌ಡ್ರೈವ್ ಇತ್ತು. ಉಬುಂಟುವಿನ ಹೆಸರೇ ಇರಲಿಲ್ಲ.

ಅಲ್ಲಿಗೆ ಕಥೆ ಗೊತ್ತಾಯಿತು. ಡಿಸ್ಕಿನಲ್ಲಿ ಏನೂ ಕೆಟ್ಟಿಲ್ಲ. ಯುಇಎಫ್‌ಐ ಯಂತ್ರದಲ್ಲಿ ಯಾವುದನ್ನು ಮೊದಲು ಬೂಟ್ ಮಾಡಬೇಕು ಅನ್ನುವ ಪಟ್ಟಿ ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡ್‌ನ ಚಿಪ್‌ನಲ್ಲಿ ಇರುತ್ತದೆ. ಆ ಪಟ್ಟಿಯಿಂದ ಒಂದು ಸಾಲು ಹೋಗಿತ್ತು.

ಇನ್ನೊಂದು ಸಾಧ್ಯತೆಯೂ ಇರುತ್ತದೆ, ಅದು ಇನ್ನೂ ಸುಲಭ: ಉಬುಂಟುವಿನ ಹೆಸರು ಪಟ್ಟಿಯಲ್ಲಿ ಇರುತ್ತದೆ, ಆದರೆ ವಿಂಡೋಸ್ ಅದರ ಮೇಲೆ ಬಂದು ಕೂತಿರುತ್ತದೆ. ಆಗ ಬೂಟ್ ರಿಪೇರ್ ಬೇಡವೇ ಬೇಡ. ಬಯೋಸ್ (ಫರ್ಮ್‌ವೇರ್) ಸೆಟ್ಟಿಂಗ್ಸ್ ಒಳಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಆಯಿತು. ಎರಡು ನಿಮಿಷದ ಕೆಲಸ. ಆದ್ದರಿಂದಲೇ ಗ್ರಬ್ ಮೆನು ಬರಲಿಲ್ಲ ಅಂದರೆ ಮೊದಲು ಅಲ್ಲಿ ಇಣುಕಿ ನೋಡಿ, ಆಮೇಲೆ ಪೆನ್‌ಡ್ರೈವ್ ಹುಡುಕಿ.

ರಿಪೋರ್ಟಿನ ಕೊನೆಗೆ 'ಸಜೆಸ್ಟೆಡ್ ರಿಪೇರ್' ಅಂತ ಒಂದು ಭಾಗ ಇದೆ. ನನ್ನ ಕಣ್ಣಿಗೆ ಇಡೀ ಸಾಫ್ಟ್‌ವೇರ್‌ನಲ್ಲಿ ಅತಿ ಬೆಲೆಬಾಳುವ ಜಾಗ ಇದೇ. ದೊಡ್ಡ ಬಟನ್ ಒತ್ತಿದರೆ ತಾನು ಏನೇನು ಮಾಡುತ್ತೇನೆ ಅಂತ ಮೊದಲೇ ಅಲ್ಲಿ ಬರೆದಿರುತ್ತದೆ: ಯಾವ ಪಾರ್ಟಿಶನ್‌ನ ಗ್ರಬ್ ತೆಗೆದುಕೊಳ್ಳುತ್ತದೆ, ಯಾವ ಇಎಫ್‌ಐ ಪಾರ್ಟಿಶನ್‌ಗೆ ಹಾಕುತ್ತದೆ, ಬೂಟ್ ಮೆನುವನ್ನು 10 ಸೆಕೆಂಡ್ ತೋರಿಸುವಂತೆ ಮಾಡುತ್ತದೆ, ಹೀಗೆ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇರುವವರು, ಅದರಲ್ಲೂ ಎಂಬಿಆರ್ ಯಂತ್ರದವರು, ಈ ಭಾಗ ಓದದೆ ಬಟನ್ ಒತ್ತಲೇಬಾರದು. ಅಂಥ ಯಂತ್ರದಲ್ಲಿ ಇದು ಎಲ್ಲಾ ಡಿಸ್ಕಿನ ಎಂಬಿಆರ್‌ಗೂ ಗ್ರಬ್ ಹಾಕುವ ಯೋಜನೆ ಹಾಕಿಕೊಂಡಿರಬಹುದು. ಎರಡನೇ ಡಿಸ್ಕಿನಲ್ಲಿ ವಿಂಡೋಸ್ ತನ್ನಷ್ಟಕ್ಕೆ ನೆಟ್ಟಗೆ ಬೂಟ್ ಆಗುತ್ತಿದ್ದರೆ ಅದನ್ನು ಯಾಕೆ ಮುಟ್ಟಿಸಬೇಕು, ಅಲ್ವಾ? ಬೇಡ ಅನ್ನಿಸಿದರೆ ಅಡ್ವಾನ್ಸ್‌ಡ್ ಒಳಗೆ 'ಗ್ರಬ್ ಲೊಕೇಶನ್' ಅನ್ನುವ ಕಡೆ ಹೋಗಿ ಒಂದೇ ಡಿಸ್ಕ್ ಆರಿಸಬಹುದು.

ನಾನು ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇದ್ಯಾವುದನ್ನೂ ಓದದೆ ಒತ್ತಿದ್ದೆ. ಅದರಲ್ಲಿ ಒಂದೇ ಡಿಸ್ಕ್ ಇತ್ತು, ಹಾಗಾಗಿ ಬಚಾವ್.

ಅಕ್ಕನ ಯಂತ್ರಕ್ಕೆ ಕೈ ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿಸಿದೆ. ಅದರಲ್ಲಿ ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇತ್ತು. ಬೂಟ್ ಆಗುವ ದಾರಿ ಬದಲಾದರೆ ಬಿಟ್‌ಲಾಕರ್‌ಗೆ ಅನುಮಾನ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಅದರ ಕೆಲಸ, ತಪ್ಪೇನಿಲ್ಲ. ಆದರೆ ಆ ಕೀ ಕೈಯಲ್ಲಿ ಇಲ್ಲದಿದ್ದರೆ ವಿಂಡೋಸ್ ಒಳಗಿರುವ ಫೈಲ್‌ಗಳಿಗೆ ದಾರಿಯೇ ಇಲ್ಲ. 'ಅಕ್ಕ, ಮೊದಲು ನಿನ್ನ ಅಕೌಂಟ್‌ನಲ್ಲಿ ಆ ನಂಬರ್ ಇದೆಯಾ ನೋಡು, ಪೇಪರ್ ಮೇಲೆ ಬರೆದುಕೋ' ಅಂದೆ. ಬರೆದಳು, ನಾನೊಂದು ಸಲ ಓದಿ ಹೇಳಿದೆ, ಅವಳು ಸರಿನೋಡಿದಳು. ಆಮೇಲೆಯೇ ಬಟನ್ ಒತ್ತಿದ್ದು.

ರಿಪೇರಿ ಆಯಿತು. ಕೊನೆಗೆ ಬರುವ ಸಂದೇಶದಲ್ಲಿ, ಫರ್ಮ್‌ವೇರ್ ಉಬುಂಟುವಿನ ಶಿಮ್ ಫೈಲಿನಿಂದಲೇ ಬೂಟ್ ಆಗುವಂತೆ ನೋಡಿಕೊಳ್ಳಿ ಅಂತ ಒಂದು ಮಾತು ಇರುತ್ತದೆ. ಎಲ್ಲರೂ ಆ ಸಾಲನ್ನು ಬಿಟ್ಟು ಓಕೆ ಒತ್ತಿಬಿಡುತ್ತಾರೆ, ಆಮೇಲೆ 'ರಿಪೇರಿ ಆದರೂ ವಿಂಡೋಸೇ ಬರುತ್ತಿದೆ' ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಬಯೋಸ್‌ಗೆ ಹೋಗಿ ನೋಡಿದೆವು, ಉಬುಂಟುವಿನ ಹೆಸರು ಪಟ್ಟಿಗೆ ವಾಪಸ್ ಬಂದು ಮೊದಲನೆಯದಾಗಿ ಕೂತಿತ್ತು. ಸರಿ, ಮೆನು ಬಂತು, ಉಬುಂಟು ತೆರೆದುಕೊಂಡಿತು, ಅವಳ ಪ್ರಾಜೆಕ್ಟ್ ಇದ್ದಲ್ಲೇ ಇತ್ತು. ಗ್ರಬ್ ಮೂಲಕ ವಿಂಡೋಸ್‌ಗೆ ಹೋದಾಗ ಅಂದುಕೊಂಡ ಹಾಗೆ ಆ 48 ಅಂಕಿ ಕೇಳಿತು, ಪೇಪರ್ ಪಕ್ಕದಲ್ಲೇ ಇತ್ತು.

ಇನ್ನು ಇದರಲ್ಲಿ ನನಗೆ ಹಿಡಿಸದ್ದು. ರಿಪೋರ್ಟನ್ನು ಅದು ಯಾರು ಬೇಕಾದರೂ ನೋಡಬಹುದಾದ ಒಂದು ಪೇಸ್ಟ್ ತಾಣಕ್ಕೆ ಹಾಕಿ ಲಿಂಕ್ ಕೊಡುತ್ತದೆ. ಬೇರೆಯವರ ಸಹಾಯ ಕೇಳುವಾಗ ಇದು ಅನುಕೂಲವೇ. ಒಂದು ಲಿಂಕ್ ಕೊಟ್ಟರೆ ತಿಳಿದವರು ಹತ್ತು ಪ್ರಶ್ನೆ ಕೇಳುವ ಬದಲು ಒಂದೇ ಉತ್ತರ ಕೊಡುತ್ತಾರೆ. ಆದರೂ ಡಿಸ್ಕಿನ ಇಡೀ ನಕ್ಷೆ ಹೊರಗೆ ಹೋಗುತ್ತದೆ. ಹಾಕಲೇ ಬೇಡವೇ ಅಂತ ಅದು ಕೇಳುತ್ತದೆ, ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ.

ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಟಿಕ್ ಬಾಕ್ಸ್‌ಗಳ ರಾಶಿ ಇದೆ, ಯಾವುದು ಅಪಾಯದ್ದು, ಯಾವುದು ಅಲ್ಲ ಅಂತ ನೋಡಿದರೆ ತಿಳಿಯುವುದಿಲ್ಲ. ಅದರಲ್ಲಿ ಒಂದು, ವಿಂಡೋಸ್‌ನ ಇಎಫ್‌ಐ ಫೈಲ್‌ಗಳಿಗೆ ಬೇರೆ ಹೆಸರು ಇಟ್ಟು ಆ ಜಾಗದಲ್ಲಿ ಗ್ರಬ್ ಕೂರಿಸುವುದು. ಕೆಲವು ಯಂತ್ರಗಳ ಫರ್ಮ್‌ವೇರ್ ವಿಂಡೋಸ್ ಬಿಟ್ಟು ಬೇರೆ ಏನನ್ನೂ ಬೂಟ್ ಮಾಡಲು ಒಪ್ಪುವುದಿಲ್ಲ, ಅಂಥವುಗಳಿಗೆ ಅಂತ ಮಾಡಿದ ಉಪಾಯ ಅದು. ಬೇರೆ ಯಾರೂ ಅದನ್ನು ಮುಟ್ಟಬಾರದು. ಮುಟ್ಟಿದ್ದರೆ, ಹಳೇ ಫೈಲ್‌ಗಳನ್ನು ವಾಪಸ್ ಇಡುವ ಆಪ್ಶನ್ ಕೂಡ ಅಲ್ಲೇ ಇದೆ.

ಇದರ ಕೈಯಲ್ಲಿ ಆಗದ್ದೂ ಇದೆ. ವಿಂಡೋಸ್‌ನದ್ದೇ ಬೂಟ್ ಫೈಲ್‌ಗಳು ಹಾಳಾಗಿದ್ದರೆ ವಿಂಡೋಸ್‌ನ ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿ, ಅದರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್ ಅನ್ನುವ ಕಮಾಂಡ್ ಬಳಸುವುದೇ ಸರಿಯಾದ ದಾರಿ. 2024ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಬಹಳ ಜನರ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಶಿಮ್‌ನ ಎಸ್‌ಬ್ಯಾಟ್ (ಹಳೇ, ಅಪಾಯದ ಬೂಟ್ ಫೈಲ್‌ಗಳನ್ನು ತಡೆಯುವ ನಿಯಮ) ಪರೀಕ್ಷೆ ಫೇಲ್ ಆಯಿತು ಅನ್ನುವ ಎರರ್ ಬಂದು ಲಿನಕ್ಸ್ ನಿಂತುಹೋಗಿತ್ತು, ನೆನಪಿರಬಹುದು. ಅದು ನಂಬಿಕೆಯ ಸಹಿ ಇರುವ ಫೈಲ್‌ಗಳನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ಗೆ ಸಂಬಂಧಪಟ್ಟದ್ದು. ಶಿಮ್ ಹಳೆಯದೇ ಆಗಿದ್ದರೆ ಗ್ರಬ್ಬನ್ನು ಎಷ್ಟು ಸಲ ಹಾಕಿದರೂ ಅದು ಹೋಗುವುದಿಲ್ಲ. ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ ಎಲ್ಲಾ ಅಪ್‌ಡೇಟ್ ಮಾಡಿಕೊಂಡು, ಆ ಎಸ್‌ಬ್ಯಾಟ್ ನಿಯಮ ಅಳಿಸಿ, ಮತ್ತೆ ಆನ್ ಮಾಡಬೇಕಿತ್ತು. ಹಾಗಾಗಿ ಎರರ್‌ನಲ್ಲಿ ಏನು ಬರೆದಿದೆ ಅಂತ ಫೋಟೋ ತೆಗೆದು ಇಟ್ಟುಕೊಳ್ಳಿ. ಆ ಒಂದು ಸಾಲಿನ ಮೇಲೆ ಯಾವ ದಾರಿ ಅನ್ನುವುದು ನಿಂತಿರುತ್ತದೆ.

ಇದರ ಜೊತೆ ಸೂಪರ್ ಗ್ರಬ್2 ಡಿಸ್ಕ್ ಅಂತ ಇನ್ನೊಂದಿದೆ. ಅದು ಏನನ್ನೂ ರಿಪೇರಿ ಮಾಡುವುದಿಲ್ಲ. ಪೆನ್‌ಡ್ರೈವ್‌ನಿಂದ ಎದ್ದು, ಡಿಸ್ಕಿನಲ್ಲಿ ಇರುವ ಸಿಸ್ಟಮ್‌ಗಳನ್ನು ಹುಡುಕಿ ಪಟ್ಟಿ ತೋರಿಸುತ್ತದೆ, ಒಂದನ್ನು ಆರಿಸಿದರೆ ಅದರೊಳಗೆ ಕರೆದುಕೊಂಡು ಹೋಗುತ್ತದೆ. ಆಮೇಲೆ ನಿಮ್ಮ ಸ್ವಂತ ಉಬುಂಟು ಒಳಗಿನಿಂದಲೇ ಗ್ರಬ್ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಮುಗಿಯಿತು. ಟರ್ಮಿನಲ್ ಬಳಸಿ ಅಭ್ಯಾಸ ಇರುವವರಿಗೆ ಇದೇ ಹಗುರ. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಆಗಿದ್ದಂಥ ತೊಂದರೆಯಾದರೆ ಅದೂ ಬೇಡ. ಆ ರೆಸ್ಕ್ಯೂ ಪರದೆಯಲ್ಲೇ ಎಲ್‌ಎಸ್ ಅಂತ ಹೊಡೆದು ಪಾರ್ಟಿಶನ್‌ಗಳನ್ನು ನೋಡಿ, ಗ್ರಬ್ ಈಗ ಯಾವುದರಲ್ಲಿದೆ ಅಂತ ಪ್ರಿಫಿಕ್ಸ್ (ಗ್ರಬ್ ಫೈಲ್‌ಗಳ ವಿಳಾಸ) ತಿದ್ದಿ, ನಾರ್ಮಲ್ ಅನ್ನುವ ಮಾಡ್ಯೂಲ್ ಏರಿಸಿ, ನಾರ್ಮಲ್ ಅಂತ ಹೊಡೆದರೆ ಮೆನು ಬರುತ್ತದೆ. ಆ ದಿನ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದವರ ಕೈ ಹಿಡಿದು ದಾಟಿಸುವುದರಲ್ಲಿ ಬೂಟ್ ರಿಪೇರ್‌ಗೆ ಸಾಟಿ ನಾನು ಇನ್ನೊಂದು ನೋಡಿಲ್ಲ, ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ.

ಗ್ರಬ್ ಮೆನು ಬಂದರೂ ಅದರಲ್ಲಿ ವಿಂಡೋಸ್ ಕಾಣಿಸದಿದ್ದರೆ ಹೆದರಬೇಡಿ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್ ಪ್ರೋಬರ್ ಅನ್ನುವುದನ್ನು ಮೊದಲೇ ಆಫ್ ಇಟ್ಟಿರುತ್ತಾರೆ. ಗ್ರಬ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ, ಅಪ್‌ಡೇಟ್ ಗ್ರಬ್ ಕಮಾಂಡ್ ಕೊಟ್ಟರೆ ಬರುತ್ತದೆ.

ಅಕ್ಕ ಮಾರನೇ ದಿನ ಮತ್ತೆ ಫೋನ್ ಮಾಡಿದಳು. ಎಲ್ಲಾ ಸರಿ ಇದೆ, ಆದರೆ ಆ ಮೆನು 10 ಸೆಕೆಂಡ್ ನಿಲ್ಲುತ್ತೆ, ಕಾಯೋಕಾಗಲ್ಲ ಅಂದಳು. ಅದೇ ಸೆಟ್ಟಿಂಗ್ಸ್ ಫೈಲ್ ತೆರೆಸಿ, ಟೈಮ್‌ಔಟ್ ಅನ್ನುವ ಸಾಲಿನಲ್ಲಿ 10 ತೆಗೆದು 4 ಹಾಕಿಸಿ, ಅಪ್‌ಡೇಟ್ ಗ್ರಬ್ ಕಮಾಂಡ್ ಕೊಡಿಸಿದೆ.